ಹೊಸ್ತಿಲು ದಾಟುವ ತನಕ

ನನ್ನ ತಮ್ಮ ಧನಪಾಲ ಕುಡಿಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳುವ ಚಟ ಕಣಗಲಾ ಊರಿನ ನಮ್ಮ ಜೈನರ ಓಣಿಗೆಲ್ಲ ಇದೆ, ನನಗಿಲ್ಲ. 'ಅವಗ ಆರಾಮಿಲ್ಲ', 'ಬಿಸಲ ತಾಗೇತಿ' ಅಂತ ನಮ್ಮವ್ವ ಸಾಯುವವರೆಗೂ ಹೇಳಿಕೊಂಡೇ ಬಂದಳು. ಜೇನುತುಪ್ಪವನ್ನೂ ಮುಟ್ಟದ ಮನೆ ನಮ್ಮದು. ನೀರನ್ನು ಅರಿವೆಯಲ್ಲಿ ಸೋಸದೆ ಬಾಯಿಗೆ ಹಾಕುವುದಿಲ್ಲ. ಅಂಥ ಮನೆಯ ಒಬ್ಬನೇ ಗಂಡುಮಗ ಪುಣೆ ರಸ್ತೆಯ ಸರಾಯಿ ಅಂಗಡಿಯ ಹಿಂದೆ ಕೂತು, ಅದರಲ್ಲಿ ಏನು ಬಿದ್ದು ಸತ್ತಿದೆಯೋ ನೋಡದೆ ಗಟಗಟ ಇಳಿಸುತ್ತಿದ್ದ. ನಾನು ಅದೇ ಓಣಿಗೆ ಸೊಸೆಯಾಗಿ ಬಂದವಳು, ತವರಿಗೂ ನನ್ನ ಮನೆಗೂ ಎರಡು ಬಾಗಿಲು ಅಂತರ. ಅವನು ತೂರಾಡುತ್ತ ಮನೆಗೆ ಬರುವುದು ನನ್ನ ಕಟ್ಟೆಗೇ ಮೊದಲು ಕಾಣುತ್ತಿತ್ತು.

ಬಿಡುವುದಕ್ಕೆ ಅವನು ಪ್ರಯತ್ನ ಮಾಡಲಿಲ್ಲ ಅಂತಲ್ಲ. ಅವ್ವ ಹಾಸಿಗೆ ಹಿಡಿದಾಗ ಬಸದಿಯಲ್ಲಿ ನಿಂತು ಜೀವ ಇರುವ ತನಕ ಮುಟ್ಟುವುದಿಲ್ಲ ಅಂತ ವ್ರತ ತೆಗೆದುಕೊಂಡ. ಅವ್ವನ ತಿಥಿಗೆ ಮುಂಚೆಯೇ ಮುರಿದ. ಮೂಡಲಗಿಯ ರಾಜಮತಿಯನ್ನು ಮದುವೆಯಾದಾಗ ಮತ್ತೊಮ್ಮೆ ತೆಗೆದುಕೊಂಡ, ಮತ್ತೆ ಮುರಿದ. ಮೂರನೇ ಸಲ ಹೋದಾಗ ಬಸದಿಯ ಪೂಜೆ ಮಾಡುವ ಆದಿನಾಥ ಉಪಾಧ್ಯೆಯವರು ಕೈ ಅಡ್ಡ ಹಿಡಿದರು.

"ಮುರಿಯೂ ವ್ರತಾ ಕೊಟ್ರ ಪಾಪ ನನಗೂ ಬರ್ತೈತಿ, ಧನಪಾಲ. ಜೀವ ಇರೂತನಕಾ ಅನ್ನೂದು ನಿನ್ನ ಕೈಲೆ ಆಗೂ ಮಾತಲ್ಲ. ಸಣ್ಣದೊಂದು ನಿಯಮಾ ತಗೋ. ಇಂಥದ್ದು ಆಗೂತನಕಾ ಒಲ್ಲೆ ಅಂತ ಗಡುವು ಇಟ್ಟು ತಗೋ. ಗಡುವು ಮುಗೀತಂದ್ರ ನೀ ಮೋಕಳೀಕ, ನಿನಗ ಬಿಡುಗಡಿ."

ನಮ್ಮಲ್ಲಿ ಇದು ಹೊಸದಲ್ಲ. ಚಾತುರ್ಮಾಸ ಮುಗಿಯುವ ತನಕ ಬೆಲ್ಲ ಬಿಟ್ಟವರು, ಮಗನಿಗೆ ಹೆಣ್ಣು ಸಿಗುವ ತನಕ ತುಪ್ಪ ಬಿಟ್ಟವರು ಮನೆಗೊಬ್ಬರು ಸಿಗುತ್ತಾರೆ. ಆದರೆ ಸರಾಯಿಗೆ ಗಡುವು ಅಂದರೆ ನನಗೆ ಮೈ ಉರಿಯಿತು. ಗಡುವು ಮುಗಿದ ಮೇಲೆ ಕುಡಿ ಅಂತ ದೇವರ ಮುಂದೆಯೇ ಅಪ್ಪಣೆ ಕೊಟ್ಟ ಹಾಗಲ್ಲವೇ? ಉಪಾಧ್ಯೆಯವರಿಗೆ ಅದನ್ನೇ ಕೇಳಿದೆ. ಅವರು ನಕ್ಕು ಗಂಧ ತೇಯುತ್ತ ಕೂತರು.

ರಾಜಮತಿ ಮಾತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದಳು. ಮಾತು ಕಡಿಮೆ, ಹಟ ಜಾಸ್ತಿ ಅವಳದು. ಬೆಳಗ್ಗೆ ಎದ್ದ ಕೂಡಲೇ, "ನಾ ಬಾವಿಗಿ ಹೋಗಿ ಬರೋತನಾ ಒಲ್ಲೆ ಅನ್ರಿ," ಅನ್ನುವಳು. ಬಂದ ಮೇಲೆ, "ಎಮ್ಮಿ ಹಿಂಡೋತನಾ." ಎಮ್ಮೆ ಹಿಂಡಿದ ಮೇಲೆ, "ಈ ಹಗ್ಗ ಹೊಸೆದು ಮುಗಿಯೋತನಾ." ಧನಪಾಲ ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಮುಗಿಯುತ್ತಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಇದು ಮುಗೀತು, ಮುಂದಿಂದ ಹೇಳು," ಅಂತ ಗಡಿಬಿಡಿ ಮಾಡುತ್ತಿದ್ದ. ಅವಳು ಬೀಸುಕಲ್ಲಿನಿಂದ ತಲೆ ಎತ್ತದೆ ಇನ್ನೊಂದು ಹೇಳುತ್ತಿದ್ದಳು. ಹಾಗೆ ತುಂಡು ತುಂಡಾಗಿ ದಿನಗಳು ಹೋದವು. ಅವನು ಕುಡಿಯಲಿಲ್ಲ.

ಅಷ್ಟರಲ್ಲಿ ರಾಜಮತಿ ಬಸುರಿಯಾದಳು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಮೂಡಲಗಿಯಿಂದ ಅವಳಪ್ಪ ಕರೆದೊಯ್ಯಲು ಬಂದಾಗ ಧನಪಾಲನ ಮುಖದಲ್ಲಿ ರಕ್ತವೇ ಇರಲಿಲ್ಲ. ಚಕ್ಕಡಿ ಹತ್ತುವ ಮುಂಚೆ ಅವಳು ಹೊಸ್ತಿಲನ್ನು ಕೈಯಿಂದ ಮುಟ್ಟಿ ಹೇಳಿದಳು:

"ನಾ ಕೂಸಿನ ಕರಕೊಂಡು ಬಂದು ಈ ಹೊಸ್ತಿಲಾ ದಾಟಿ ಒಳಗ ಕಾಲಿಡೋತನಾ. ಹೂಂ ಅನ್ರಿ."

"ಹೂಂ," ಅಂದ. ಅಷ್ಟು ದೊಡ್ಡ ಗಡುವನ್ನು ಅವನು ಅದಕ್ಕೆ ಮುಂಚೆ ಹಿಡಿದಿರಲಿಲ್ಲ.

ಆ ತಿಂಗಳುಗಳಲ್ಲಿ ಅವನಿಗೆ ಅಡುಗೆ ಮಾಡಿ ಹಾಕಿದವಳು ನಾನು. ಹಗಲು ಹೇಗೋ ಸಾಗುತ್ತಿತ್ತು. ಹೊಲಕ್ಕೆ ಹೋಗುವನು, ಅರ್ಧ ದಾರಿಯಿಂದ ತಿರುಗಿ ಬರುವನು, ಮತ್ತೆ ಹೋಗುವನು. ಕೊಡಲಿ ಹಿಡಿದರೆ ಒಲೆಗೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಕಟ್ಟಿಗೆ ಒಡೆಯುವನು. ಊರಿನ ದನಗಳನ್ನೆಲ್ಲ ಕಟ್ಟಿಹಾಕುವಷ್ಟು ಹಗ್ಗ ಹೊಸೆದು ಒಟ್ಟಿದ. ಕೆಟ್ಟದ್ದು ಹೊತ್ತು ಮುಳುಗಿದ ಮೇಲಿನ ಹೊತ್ತು. ದೀಪ ಹಚ್ಚುವುದರೊಳಗೆ ನಮ್ಮ ಊಟ ಮುಗಿದಿರಬೇಕು, ಆಮೇಲೆ ಬಾಯಿಗೆ ಏನೂ ಇಲ್ಲ. ಬೇರೆ ಜಾತಿಯವರಾದರೆ ಒಂದು ತುಂಡು ರೊಟ್ಟಿ, ನಾಲ್ಕು ಕಾಳು ಶೇಂಗಾ ಬಾಯಿಗೆ ಹಾಕಿ ನಾಲಿಗೆಯನ್ನು ಸುಮ್ಮನಿರಿಸಬಹುದು. ಇವನ ಬಾಯಿ ಖಾಲಿ. ಸರಿಯಾಗಿ ಆ ಹೊತ್ತಿಗೇ ಕುಡಿಯುವ ತಹತಹ ಬರುತ್ತಿತ್ತು.

"ಅಕ್ಕಾ, ನನ್ನ ಒಳಗ ಯಾರೋ ಎದ್ದು ಅಡ್ಡಾಡಾಕತ್ತಾರ," ಅಂದ ಒಂದು ಸಂಜೆ. ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಲೇ ಇದ್ದ. "ನಾ ಕುಂತ್ರೂ ಅವರು ಕೂಡ್ರಾಂಗಿಲ್ಲ. ಗಂಟಲಾ ಒಂದ ಸವನ ಕೇಳತೈತಿ. ಏನ್ ಮಾಡ್ಲಿ?"

ನನಗೆ ಅಳು ಬಂತು, ಸಿಟ್ಟೂ ಬಂತು. ಒಳಗೆ ಹೋಗಿ ಒಂದು ಹೆಂಟೆ ಬೆಲ್ಲ ತಂದು ಅವನ ಮುಂದೆ ಹಿಡಿದೆ. ಹುಟ್ಟಿದಾಗಿನಿಂದ ದೀಪ ಹಚ್ಚಿದ ಮೇಲೆ ಯಾರಿಗೂ ತಿನ್ನಲು ಕೊಟ್ಟವಳಲ್ಲ ನಾನು.

"ತಿನ್ನು. ಪಾಪ ನನಗಿರ್ಲಿ."

ಅವನು ಬೆಲ್ಲ ನೋಡಿದ, ನನ್ನನ್ನು ನೋಡಿದ. "ಬ್ಯಾಡಕ್ಕಾ. ಒಂದು ಮುರದ್ನಂದ್ರ ಇನ್ನೊಂದು ಮುರಿಯಾಕ ಕೈ ಹಗೂರ ಆಗತೈತಿ," ಅಂದು ಬಾವಿಯ ಕಡೆ ನಡೆದ. ಅಷ್ಟು ಹೊತ್ತಿನಲ್ಲಿ ನೀರು ಸೇದಿ ಸೇದಿ ತೊಟ್ಟಿ ತುಂಬಿಸಿ ಚೆಲ್ಲಿದ, ಮತ್ತೆ ತುಂಬಿಸಿದ.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಪದ್ಮಾವತಿ ಅಂತ ಹೆಸರಿಟ್ಟರಂತೆ, ನಮ್ಮ ಬಾಯಲ್ಲಿ ಪದ್ಮಿ. ಧನಪಾಲ ಊರಿಗೆಲ್ಲ ಸಕ್ಕರೆ ಹಂಚಿದ. ನಾನೂ ಹಿಗ್ಗಿದೆ. ರಾಜಮತಿ ಮಾಡಿದ ತಪ್ಪು ನನ್ನ ತಲೆಗೆ ಹೊಳೆದದ್ದು ಆಮೇಲೆ. ನಮ್ಮ ಹೊಲದಲ್ಲಿ ಕುರಿ ಕೂಡಿಸುವ ಲಗಮಪ್ಪ ಇದ್ದಾನಲ್ಲ, ಧನಪಾಲನ ಹಳೇ ಜೊತೆಗಾರ, ಅವನು ಒಂದು ದಿನ ಗೋಡೆಯ ಆಚೆಯಿಂದ ಕೂಗಿ ಕೇಳಿದ:

"ಧನಪಾಲಣ್ಣಾ, ವೈನಿಯಾರು ಬರೂ ದಿನಾ ನಿನ್ನ ನಿಯಮಾ ಮುಗೀತೈತೆಲ್ಲಾ? ಅವತ್ತ ಕೂಡೂಣಲ್ಲಾ?"

"ಅವತ್ತ," ಅಂದ ನನ್ನ ತಮ್ಮ. ಮೆಲ್ಲಗೆ ಅಂದ, ಆದರೆ ತಡವರಿಸದೆ ಅಂದ.

ನಾನು ಒಲೆಯ ಮುಂದೆ ಹಾಗೇ ಕೂತುಬಿಟ್ಟೆ. ಹೆಂಡತಿ ಬರಲಿ, ಮಗಳು ಬರಲಿ ಅಂತ ಇವನು ದಿನ ಎಣಿಸುತ್ತಿದ್ದಾನೆ ಅಂದುಕೊಂಡಿದ್ದೆ. ಇವನು ಕಾಯುತ್ತಿದ್ದದ್ದು ಬಿಡುಗಡೆಗೆ. ಕೂಸು ಮನೆಗೆ ಬರುವ ದಿನವೇ ಅಪ್ಪ ಸರಾಯಿ ಅಂಗಡಿಗೆ ಹೋಗುವ ಹಾಗೆ ಗಡುವು ಕಟ್ಟಿ ಹೋಗಿದ್ದಳು ಆ ಹುಚ್ಚಿ. ಇಷ್ಟು ದಿನ ಒಣಗಿದ ಗಂಟಲು, ಒಮ್ಮೆ ಒದ್ದೆಯಾದರೆ ಮತ್ತೆ ತಿರುಗಿ ಬರುವ ಆಸಾಮಿಯಲ್ಲ ಇವನು.

ಐದನೇ ತಿಂಗಳಿಗೆ ಅವರು ಬಂದರು. ಘಟಪ್ರಭಾದಿಂದ ಹುಕ್ಕೇರಿಯ ಮೇಲೆ ಬರುವ ಸರ್ವಿಸ್ ಮೋಟಾರಿನಲ್ಲಿ ರಸ್ತೆಗೆ ಇಳಿದರು. ಅಲ್ಲಿಂದ ಲಗಮಪ್ಪನೇ ಹಲ್ಲು ಕಿರಿಯುತ್ತ ಚಕ್ಕಡಿ ಹೊಡೆದುಕೊಂಡು ಬಂದ. ನಾನು ಆರತಿ ತಟ್ಟೆ ಹಿಡಿದು ಬಾಗಿಲೊಳಗೆ ನಿಂತಿದ್ದೆ. ಓಣಿಯ ಹೆಂಗಸರು ನೆರೆದಿದ್ದರು. ಧನಪಾಲ ಒಗೆದ ಅಂಗಿ, ಟೊಪ್ಪಿಗೆ ಹಾಕಿ ಅಂಗಳದಲ್ಲಿದ್ದ. ಕೂಸನ್ನು ನೋಡಿದ, ಅದರ ಗಲ್ಲ ಮುಟ್ಟಿದ, ಕಣ್ಣಲ್ಲಿ ನೀರು ತಂದುಕೊಂಡ. ಆ ನೀರು ಸುಳ್ಳಲ್ಲ.

ರಾಜಮತಿ ಬಲಗಾಲು ಎತ್ತಿದಳು. ಎತ್ತಿದವಳು ಗಂಡನ ಕಾಲು ನೋಡಿದಳು. ಧನಪಾಲ ಚಪ್ಪಲಿ ಮೆಟ್ಟಿ ನಿಂತಿದ್ದ. ಮಗಳನ್ನು ಮನೆ ತುಂಬಿಸಿಕೊಳ್ಳುವವನು ಚಪ್ಪಲಿ ಮೆಟ್ಟಿ, ಪುಣೆ ರಸ್ತೆಯ ಕಡೆ ಪಾದ ತಿರುಗಿಸಿ ನಿಂತಿದ್ದ.

ಅವಳು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ಕೂಸನ್ನು ಸೆರಗಿನೊಳಗೆ ಸರಿ ಮಾಡಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಳು.

"ಏನವಾ ಇದು? ಆರತಿ ಆರಾಕತ್ತೈತಿ, ಒಳಗ ಬಾ," ಅಂದೆ.

"ನಾ ಒಳಗ ಬಂದ್ರ ಇವರು ಹೊರಗ ಹೋಗ್ತಾರ, ಅಕ್ಕಾರ. ನಾ ಇಲ್ಲೇ ಇರ್ತೀನಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಲಗಮಪ್ಪನ ಹಲ್ಲು ಮುಚ್ಚಿಕೊಂಡವು. ಧನಪಾಲ ಕೆಂಪಗಾದ. "ಬಾಣಂತಿ ಹಿಂಗ ಹೊರಗ ಕುಂತ್ರ ಮಂದಿ ಏನ್ ಅಂದಾರು? ಎದ್ದು ಒಳಗ ನಡಿ," ಅಂತ ಗದರಿದ. ಅವಳು ಜಪ್ಪಯ್ಯ ಅನ್ನಲಿಲ್ಲ. ನನ್ನ ಮನೆಗಾದರೂ ಬಾ ಅಂದೆ. "ಇಲ್ರಿ, ಅವರ ಕಣ್ಣಿಗಿ ಕಾಣೂಹಂಗ ಇರ್ತೀನಿ," ಅಂದಳು. ನನಗೆ ಅವಳನ್ನು ಬಡಿಯಬೇಕೋ, ಅವಳ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ಹೊತ್ತು ಇಳಿಯಿತು. ಚಳಿಗಾಲದ ಗಾಳಿ ಬೀಸತೊಡಗಿತು. ನಾನು ಕಂಬಳಿ ತಂದು ಹೊದಿಸಿದೆ. ಕೂಸು ಅಳಲು ಶುರು ಮಾಡಿತು. ಧನಪಾಲ ಅಂಗಳದಲ್ಲಿ ನಡೆಯುತ್ತಿದ್ದ. ಆ ಗೋಡೆಗೆ, ಈ ಗೋಡೆಗೆ. ಕೂಸು ಜೋರಾಗಿ ಅತ್ತಷ್ಟೂ ಅವನ ನಡಿಗೆ ಬಿರುಸಾಯಿತು. ಕಡೆಗೆ ಅವಳೆದುರು ನಿಂತ.

"ನೀ ಒಳಗ ಬಾ ರಾಜಮತೀ. ನಾ ಹೋಗಾಂಗಿಲ್ಲ."

"ಹಂಗಂತ ನಿಯಮಾ ತಗೋರಿ. ಬರ್ತೀನಿ."

"ಎಷ್ಟಂತ ತಗೊಳ್ಳಿ? ನನಗ ದಣುವಾಗೇತಿ!" ಅಂತ ಕೂಗಿದ. "ಇವತ್ತ ಮುಗೀತೈತಿ, ಇವತ್ತ ಮುಗೀತೈತಿ ಅಂತ ಜೀವಾ ಹಿಡದೇನಿ. ನಿನಗೇನ್ ಗೊತ್ತು?"

ಅವಳು ತಲೆ ತಗ್ಗಿಸಿ ಕೂಸಿನ ಕಿವಿಗೆ ಕುಂಚಿಗೆ ಎಳೆದಳು. ಅವಳೂ ಅಳುತ್ತಿದ್ದಳು. ಧನಪಾಲ ತಿರುಗಿ ನೋಡದೆ ಅಂಗಳ ದಾಟಿ ಓಣಿಗೆ ಇಳಿದು ಹೊರಟೇ ಹೋದ. ಮುಗಿಯಿತು ಅಂದುಕೊಂಡೆ. ಆರತಿ ತಟ್ಟೆಯನ್ನು ನೆಲಕ್ಕಿಟ್ಟು ಬಾಯಿಗೆ ಬಂದದ್ದೆಲ್ಲ ಬೈದೆ: ಅವನಿಗೆ, ಉಪಾಧ್ಯೆಯವರಿಗೆ, ಲಗಮಪ್ಪನಿಗೆ, ಮಗನ ತಪ್ಪು ಮುಚ್ಚಿಟ್ಟ ನಮ್ಮವ್ವನಿಗೂ.

ದೀಪ ಹಚ್ಚುವ ಹೊತ್ತಿಗೆ ಅವನು ತಿರುಗಿ ಬಂದ. ಹತ್ತಿರ ಹೋಗಿ ಬಾಯಿ ಮೂಸಿ ನೋಡಿದೆ, ನಾಚಿಕೆ ಪಡಲಿಲ್ಲ. ವಾಸನೆ ಇರಲಿಲ್ಲ. ಆಗ ಅವನ ಕಾಲು ಕಂಡವು. ಬರಿಗಾಲು, ತುಂಬಾ ಧೂಳು.

"ಚಪ್ಪಲಿ ಎಲ್ಲೋ?"

"ಬಸದಿ ಮೆಟ್ಟಲಾ ಮ್ಯಾಲ ಬಿಟ್ಟಿದ್ದೆ. ಮರತ ಬಂದೆ," ಅಂದ. ಹೆಂಡತಿಯ ಮುಂದೆ ಹೋಗಿ ನಿಂತ. "ಅಂಗಡೀ ಹತ್ತರ ಹೋಗಿದ್ದೆ. ಅಲ್ಲಿಂದ ತಿರಗಿ ಬಸದಿಗಿ ಹ್ವಾದೆ. ಈ ಸಲ ಗಡುವು ನಂದ ಐತಿ. ಈ ಕೂಸು ತನ್ನ ಕಾಲಿಲೆ ನಡಕೋಂತ ಈ ಹೊಸ್ತಿಲಾ ದಾಟಿ ಹೊರಗ ಬರೋತನಾ ನಾ ಮುಟ್ಟಾಂಗಿಲ್ಲ. ಇನ್ನರ ಒಳಗ ಬಾ."

ರಾಜಮತಿ ಎದ್ದು ಬಲಗಾಲಿಟ್ಟು ಒಳಗೆ ಬಂದಳು. ಆರತಿಗೆ ಎಣ್ಣೆ ಇರಲಿಲ್ಲ, ನಾನು ಬರೀ ತಟ್ಟೆ ಎತ್ತಿ ತೋರಿಸಿದೆ.

ಕೂಸು ನಡೆಯಲು ಎಷ್ಟು ದಿನ ಬೇಕು? ಬೇರೆಯವರ ಮನೆಯಲ್ಲಿ ಕೂಸು ಮಗ್ಗಲು ಹೊರಳಿದರೆ, ಅಂಬೆಗಾಲಿಟ್ಟರೆ ಹಬ್ಬ. ನಮಗೆ ಎದೆ ಧಸಕ್ ಅನ್ನುತ್ತಿತ್ತು. ಧನಪಾಲ ಮಗಳನ್ನು ಆಡಿಸುತ್ತಿದ್ದ, ಆದರೆ ಹೊತ್ತು ಮುಳುಗಿದ ಮೇಲೆ ಅವನ ಕಣ್ಣು ಅವಳ ಮುಖ ಬಿಟ್ಟು ಕಾಲಿನ ಮೇಲೇ ಇರುತ್ತಿತ್ತು. ಅದನ್ನು ನೋಡಿದಾಗ ಅವನು ನನಗೆ ಬೇಡವಾಗುತ್ತಿದ್ದ.

ಕೂಸಿಗೆ ವರ್ಷ ತುಂಬಿದ ಮೇಲೆ ಒಂದು ದಿನ, ಊಟ ಮುಗಿದು ಬಿಸಿಲು ಹೋಗಿತ್ತು. ನಾನು ಕೈಯಲ್ಲಿ ಮಜ್ಜಿಗೆ ಗಡಿಗೆ ಹಿಡಿದು ಅಂಗಳಕ್ಕೆ ಬಂದೆ. ಧನಪಾಲ ಬಾವಿಯ ಹತ್ತಿರ ಹಗ್ಗ ಹೊಸೆಯುತ್ತಿದ್ದ. ಒಳಗಿನಿಂದ ಪದ್ಮಿ ಬೀಸುಕಲ್ಲು ಬಿಟ್ಟು ನಾಲ್ಕು ಹೆಜ್ಜೆ ತೂರಾಡುತ್ತ ಬಂದು ಬಾಗಿಲ ಚೌಕಟ್ಟು ಹಿಡಿದಳು. ನನ್ನನ್ನು ನೋಡಿ ನಕ್ಕಳು. ಒಂದು ಕಾಲು ಎತ್ತಿದಳು.

"ರಾಜಮತೀ, ಹಿಡಿಯವಾ!"

ರಾಜಮತಿ ಅವಳ ಹಿಂದೆಯೇ ನಿಂತಿದ್ದಳು. ಕೈ ಚಾಚಲಿಲ್ಲ. "ಹಿಡಿಯಾಂಗಿಲ್ರಿ, ಅಕ್ಕಾರ. ಈ ಗಡುವು ಅವರದು," ಅಂದಳು. ಅವಳ ತುಟಿ ಬೆಳ್ಳಗಾಗಿದ್ದವು.

ಧನಪಾಲ ಹಗ್ಗ ಬಿಟ್ಟು ಎದ್ದು ನಿಂತಿದ್ದ. ಮಗಳ ಕಾಲು ಹೊಸ್ತಿಲಿನ ಮೇಲೆ ಗಾಳಿಯಲ್ಲಿತ್ತು. ಅವನ ಗಂಟಲು ಏರಿ ಇಳಿದದ್ದು ನನಗೆ ಅಷ್ಟು ದೂರದಿಂದ ಕಂಡಿತು. ಆಮೇಲೆ ಅವನು ಓಡಿದ. ಬಕೆಟ್ಟು ಒದ್ದು, ಹಗ್ಗಕ್ಕೆ ಕಾಲು ತೊಡರಿ ಮುಗ್ಗರಿಸಿ ಓಡಿ ಬಂದು, ಆ ಪಾದ ನೆಲ ಮುಟ್ಟುವುದರೊಳಗೆ ಮಗಳನ್ನು ಬಾಚಿ ಎತ್ತಿಕೊಂಡ.

ಪದ್ಮಿ ಇಳಿಸು ಅಂತ ಒದ್ದಳು, ಕಿರಿಚಿದಳು, ಅವನ ಕಿವಿ ಜಗ್ಗಿದಳು. ಅವನು ಬೆವೆತು ಹೋಗಿದ್ದ. "ಇವತ್ತ ಬ್ಯಾಡವ್ವಾ," ಅಂತ ಅವಳ ಬೆನ್ನು ಸವರಿದ. "ಇವತ್ತೊಂದು ದಿನಾ ಬ್ಯಾಡ. ನಾಳಿ ದಾಟಿದ್ರಾತು."

ಮರುದಿನವೂ ಹಾಗೇ ಎತ್ತಿ ಆಚೆ ಇಳಿಸಿದ.

ಪದ್ಮಿ ಈಗ ಸಾಲಿಗೆ ಹೋಗುತ್ತಾಳೆ. ಅಪ್ಪ ಮನೆಯಲ್ಲಿಲ್ಲದಾಗ ಹಿತ್ತಲ ಬಾಗಿಲಿನಿಂದ ಓಡಾಡುತ್ತಾಳೆ. ಧನಪಾಲರ ಮಗಳಿಗೆ ಕಾಲಿಲ್ಲವೇನು ಅಂತ ಓಣಿಯಲ್ಲಿ ನಗುವವರಿದ್ದಾರೆ, ನಗಲಿ. ಹೋದ ವಾರ ಅವನಿಗೆ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ. ಪಾಟಿ ಚೀಲ ಹೆಗಲಿಗೆ ಹಾಕಿಕೊಂಡ ಪದ್ಮಿ ಹೊಸ್ತಿಲ ಒಳಗೆ ನಿಂತು, ದಿನಾ ಕೇಳುವ ಹಾಗೆ ಕೂಗಿ ಕೇಳಿದಳು:

"ಅಪ್ಪಾ, ಇವತ್ತ ದಾಟ್ಲೇನು?"

ಒಳಗೆ ಕಂಬಳಿ ಸರಿದ ಸದ್ದಾಯಿತು. "ಬ್ಯಾಡವ್ವಾ, ನಿಲ್ಲು," ಅಂದ ನನ್ನ ತಮ್ಮ, "ಬಂದೆ."