ಮೂರನೇ ರೀಲಿನ ಗುಂಡಿ

ಆಪರೇಟರಿಗೆ ಮೂವತ್ತೊಂದು ವರ್ಷದಿಂದ ಒಂದು ಚಟವಿತ್ತು. ಕುಡಿತವಲ್ಲ, ಇಸ್ಪೀಟಲ್ಲ, ಕತ್ತರಿ. ಥಿಯೇಟರಿಗೆ ಯಾವ ಸಿನಿಮಾ ಬರಲಿ, ಕಥೆ ಎಲ್ಲಿ ಎಳೆಯಿತೋ ಅಲ್ಲಿ ಅವನ ಕೈ ಕಡಿಯುತ್ತಿತ್ತು. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಅವನು ಪರದೆ ನೋಡುತ್ತಿದ್ದುದು ಕಡಿಮೆ, ಕೆಳಗೆ ಕೂತವರ ತಲೆಗಳನ್ನು ನೋಡುತ್ತಿದ್ದುದೇ ಹೆಚ್ಚು. ತಲೆಗಳು ನೆಟ್ಟಗಿದ್ದರೆ ಸಿನಿಮಾ ಸರಿಯಿದೆ. ಅತ್ತಿತ್ತ ತಿರುಗತೊಡಗಿದವೋ, ಅಷ್ಟು ಭಾಗದ ಆಯುಸ್ಸು ಮುಗಿಯಿತು. ಮುಂದಿನ ಆಟದೊಳಗೆ ಅದನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಏನೂ ಗೊತ್ತಿಲ್ಲದವನ ಹಾಗೆ ಓಡಿಸುತ್ತಿದ್ದ. ಸಿನಿಮಾ ವಾಪಸ್ ಕಳಿಸುವಾಗ ಮತ್ತೆ ಜೋಡಿಸುತ್ತಿದ್ದ, ನೆನಪಾದರೆ. ಎಷ್ಟು ಸೂರ್ಯಾಸ್ತಗಳು, ಎಷ್ಟು ನಿಟ್ಟುಸಿರುಗಳು ಅವನ ತಗಡಿನ ಡಬ್ಬಿ ಸೇರಿದ್ದವೋ ಲೆಕ್ಕವಿಲ್ಲ.

ಈ ಶುಕ್ರವಾರ ಬಂದ ಸಿನಿಮಾ ಮಾತ್ರ ಅಂತಿಂಥದ್ದಲ್ಲ. ಅದೊಂದು ಅನಿಮೆ. ಒಂದೊಂದೇ ಚಿತ್ರವನ್ನು ಕೈಯಲ್ಲಿ ಬಿಡಿಸಿ ಮಾಡಿದ ಯುದ್ಧದ ಕಥೆ, ಎರಡೂಮುಕ್ಕಾಲು ಗಂಟೆ. ಬಿಡಿಸಿದ ಅರವತ್ತು ಜನರಲ್ಲಿ ಅವನ ಒಬ್ಬಳೇ ಮಗಳೂ ಇದ್ದಳು. ಐದು ವರ್ಷ ಸ್ಟುಡಿಯೋದ ಮೇಜಿಗೆ ಅಂಟಿಕೊಂಡು ಕೂತು, ಕನ್ನಡಕದ ನಂಬರನ್ನು ಎರಡು ಸಲ ಏರಿಸಿಕೊಂಡಿದ್ದಳು. ಅದರಲ್ಲಿ ನಿನ್ನ ಭಾಗ ಯಾವುದು ಎಂದು ಕೇಳಿದರೆ, "ನೀನೇ ಹುಡುಕಪ್ಪಾ" ಎಂದು ನಗುತ್ತಿದ್ದಳು. ಭಾನುವಾರದ ಮ್ಯಾಟಿನಿಗೆ ಅವಳೇ ಬರುವವಳಿದ್ದಳು. ತನ್ನ ಕೆಲಸವನ್ನು ಮೊದಲ ಸಲ ಅಪ್ಪನ ಥಿಯೇಟರಿನಲ್ಲೇ ನೋಡಬೇಕೆಂದು ಹಟ ಹಿಡಿದು, ಬೇರೆಲ್ಲೂ ನೋಡದೆ ಉಳಿದಿದ್ದಳು.

ಬೆಳಗಿನ ಆಟ ಶುರುವಾಯಿತು. ಯುದ್ಧದ ಸಿನಿಮಾ ಎಂದು ಪೋಸ್ಟರ್ ನೋಡಿ ಬಂದವರು ಬಾಂಬಿಗಾಗಿ ಕಾದರು. ಶತ್ರುಗಳು ಸುತ್ತುವರಿದ ಒಂದು ಊರು. ಜನ ನೀರು ಹೊರುತ್ತಾರೆ, ಒಲೆ ಹಚ್ಚುತ್ತಾರೆ, ಆಕಾಶ ನೋಡುತ್ತಾರೆ. ಒಂದು ಗಂಟೆಯಾದರೂ ಒಂದು ಪಟಾಕಿಯಷ್ಟೂ ಸದ್ದಿಲ್ಲ. ಮೂರನೇ ರೀಲಿನಲ್ಲಂತೂ ನೆಲಮಾಳಿಗೆಯಲ್ಲಿ ಒಬ್ಬ ಮುದುಕ ಸೂಜಿಗೆ ದಾರ ಪೋಣಿಸಿ, ಒಬ್ಬ ಸಿಪಾಯಿಯ ಕೋಟಿಗೆ ಗುಂಡಿ ಹೊಲಿಯತೊಡಗಿದ. ಹೊಲಿದ, ಹೊಲಿದ, ಹೊಲಿಯುತ್ತಲೇ ಇದ್ದ. ತಲೆಗಳೆಲ್ಲ ಒಟ್ಟಿಗೇ ತಿರುಗಿದವು.

"ಏನ್ರೀ, ಟೈಲರಿಂಗ್ ಕ್ಲಾಸಾ ಇದು?" ಎಂದು ಮುಂದಿನ ಸಾಲಿನಿಂದ ಬೇಕರಿಯವನು ಕೂಗಿದ. ಥಿಯೇಟರ್ ಘೊಳ್ಳೆಂದಿತು.

ಆಪರೇಟರಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮಗಳ ಸಿನಿಮಾ ನೋಡಿ ನಗುವುದೇ! ಭಾನುವಾರ ಅವಳ ಎದುರಿಗೇ ಹೀಗೆ ಕೂಗಿದರೆ? ಆಟ ಮುಗಿದದ್ದೇ ತಡ, ಗುಂಡಿ ಹೊಲಿಯುವ ನಾಲ್ಕು ನಿಮಿಷವನ್ನು ಕಚಕ್ಕನೆ ಕತ್ತರಿಸಿ ಡಬ್ಬಿಗೆ ಹಾಕಿದ. ಮಗಳ ಮಾನ ಉಳಿಸಿದೆ ಎಂಬ ಸಮಾಧಾನದಲ್ಲಿ ಒಂದು ಲೋಟ ಚಹಾ ಹೆಚ್ಚಾಗಿಯೇ ಕುಡಿದ.

ಟಿಕೆಟ್ ಕೌಂಟರಿನಲ್ಲಿ ಕೂರುವವಳು ಅವನ ಹೆಂಡತಿಯೇ. ಮ್ಯಾಟಿನಿಗೆ ಕಿಟಕಿ ಮುಚ್ಚಿ ತಾನೂ ಒಳಗೆ ಹೋಗಿ ಕೂತಳು. ಹೊರಬಂದಾಗ ಮುಖ ಗಂಟಿಕ್ಕಿತ್ತು.

"ರೀ, ಕೊನೇಲಿ ಆ ಸಿಪಾಯಿ ವಾಪಸ್ ಬರ್ತಾನೆ. ಕೋಟೆಲ್ಲ ಚಿಂದಿ, ಒಂದೇ ಒಂದು ಗುಂಡಿ ಉಳ್ಕೊಂಡಿರುತ್ತೆ. ಅದನ್ನ ಮುಟ್ಟಿ ಆ ಮುದುಕ ಗೊಳೋ ಅಂತ ಅಳ್ತಾನೆ. ಗುಂಡಿ ನೋಡಿ ಯಾರಾದ್ರೂ ಅಳ್ತಾರೇನ್ರೀ? ನನಗಂತೂ ತಲೆಬುಡ ಗೊತ್ತಾಗ್ಲಿಲ್ಲ."

ಆಪರೇಟರ್ ಲೆನ್ಸ್ ಒರೆಸಿದ. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಮಗಳ ಫೋನ್ ಬಂತು.

"ಅಪ್ಪಾ, ಬಸ್ ಹತ್ತಿದೀನಿ. ನನ್ನ ಭಾಗ ಸಿಕ್ತಾ?"

"ಸಿಗದೆ ಏನು! ಸೇತುವೆ ಮೇಲೆ ಬಾಂಬ್ ಬೀಳೋದು ತಾನೆ? ಅದ್ಭುತವಾಗಿದೆ ಮಗಳೇ."

ಆ ಕಡೆಯಿಂದ ನಗು ಕೇಳಿಸಿತು. "ಬಾಂಬ್ ಬೇರೆಯವರದು. ನನ್ನದು ಮೂರನೇ ರೀಲು. ಮುದುಕ ಗುಂಡಿ ಹೊಲಿಯೋದು. ಬರೀ ನಾಲ್ಕು ನಿಮಿಷ, ಆದ್ರೆ ಎರಡೂವರೆ ವರ್ಷ ತಗೊಂಡೆ. ನಿನ್ನ ಪಕ್ಕ ಕೂತು ನೋಡ್ಬೇಕು ಅದನ್ನ."

ಇಡೀ ಸಿನಿಮಾದಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ. ಅಷ್ಟನ್ನೇ ಆರಿಸಿ ತೆಗೆದಿದ್ದಾನೆ ಮಹಾನುಭಾವ!

ಓಡಿಹೋಗಿ ಡಬ್ಬಿ ತೆರೆದರೆ ಡಬ್ಬಿ ಖಾಲಿ.

"ಲೇ, ಇದರಲ್ಲಿದ್ದ ಫಿಲ್ಮು ಎಲ್ಲೇ?"

"ಇನ್ನೆಲ್ಲಿ, ತಾರಸಿ ಮೇಲೆ. ಟೊಮೇಟೊ ಗಿಡ ಬಗ್ಗಿತ್ತು, ಕೋಲಿಗೆ ಕಟ್ಟಿದೆ. ಯಾವಾಗ್ಲೂ ಕಟ್ಟೋದು ಅದರಲ್ಲೇ ಅಲ್ವಾ? ದಾರಕ್ಕಿಂತ ಗಟ್ಟಿ."

ಅವನು ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತ. ವಿಷಯ ಕೇಳಿದ ಹೆಂಡತಿ ಮೊದಲು ಬೈದಳು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಅವನಿಗಿಂತ ಮುಂಚೆ ತಾರಸಿ ಹತ್ತಿದಳು. ಪುಣ್ಯಕ್ಕೆ ದೊಡ್ಡ ಸುರುಳಿ ಮೂಲೆಯಲ್ಲಿ ಹಾಗೇ ಇತ್ತು. ಅದರ ತುದಿಯಿಂದ ಕತ್ತರಿಸಿದ ಒಂಬತ್ತು ತುಂಡುಗಳು ಮಾತ್ರ ಒಂಬತ್ತು ಗಿಡಗಳ ಸೊಂಟಕ್ಕೆ ಬಿಗಿದಿದ್ದವು. ಗಂಡಹೆಂಡಿರು ಮಂಡಿಯೂರಿ ಗಂಟು ಬಿಚ್ಚಿದರು. ಎರಡು ಗಿಡ ಮುರಿದವು. ಅವಳು ತುಟಿಪಿಟಕ್ಕೆನ್ನಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ಅವಳು ಮದುವೆಯಾದಾಗಿನಿಂದ ತೋರಿಸಿರಲಿಲ್ಲ.

ಅವಳು ಮಣ್ಣು ಒರೆಸಿ ಕೊಟ್ಟಳು, ಅವನು ಅಂಟಿಸಿದ. ಯಾವ ತುಂಡು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಲೇಬೇಕಾಯಿತು. ಮೂವತ್ತೊಂದು ವರ್ಷದಲ್ಲಿ ಅವನು ಯಾವ ಸಿನಿಮಾವನ್ನೂ ಅಷ್ಟು ನಿಧಾನವಾಗಿ ನೋಡಿರಲಿಲ್ಲ. ಮುದುಕನ ಕೈ ಸೂಜಿಯ ಕಡೆ ಹೋಗುತ್ತದೆ. ಇನ್ನೊಂದು ಕೂದಲೆಳೆಯಷ್ಟು ಹೋಗುತ್ತದೆ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಾನೆ. ಎಡಗೈಯ ಕಿರುಬೆರಳು ಮಾತ್ರ ಹೊರಗೆ ಸೊಟ್ಟಗೆ ನಿಂತಿದೆ.

ಆಪರೇಟರ್ ತನ್ನ ಎಡಗೈ ನೋಡಿಕೊಂಡ. ಎಷ್ಟೋ ವರ್ಷದ ಹಿಂದೆ ರೀಲಿನ ಚಕ್ರಕ್ಕೆ ಸಿಕ್ಕಿ ಸೊಟ್ಟಗಾದ ಕಿರುಬೆರಳು ಫಿಲ್ಮಿನ ತುಂಡಿನಾಚೆ ಹಾಗೇ ನಿಂತಿತ್ತು. ರೀಲು ಪೋಣಿಸುವಾಗ ಹೆಬ್ಬೆರಳು ನೆಕ್ಕಿಕೊಳ್ಳುವವನೂ ಅವನೇ.

"ನಿಮ್ಮ ಕೈ ಕಣ್ರೀ," ಎಂದಳು ಹೆಂಡತಿ, ಹಿಂದಿನಿಂದ ಇಣುಕಿ.

"ಹೂಂ," ಎಂದ. ಕಣ್ಣು ತುಂಬಿಕೊಂಡು ಮುಂದಿನ ತುಂಡು ಯಾವುದೆಂದು ಕಾಣದಾಯಿತು. ಹೆಂಡತಿಯೇ ಹುಡುಕಿ ಕೊಟ್ಟಳು.

ಗಂಟು ಬಿದ್ದ ಕಡೆ ಹನ್ನೊಂದು ಚಿತ್ರ ಪೂರ್ತಿ ಹಾಳಾಗಿದ್ದವು. ಅರ್ಧ ಸೆಕೆಂಡಿನಷ್ಟೂ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಮಗಳು ಬಂದು ಪ್ರೊಜೆಕ್ಟರ್ ಕೋಣೆಯಲ್ಲೇ, ಚಿಕ್ಕವಳಿದ್ದಾಗ ಹೋಂವರ್ಕ್ ಮಾಡುತ್ತಿದ್ದ ಮರದ ಸ್ಟೂಲಿನ ಮೇಲೆ ಕೂತಳು. ಇಬ್ಬರೂ ಕಿಂಡಿಗೆ ಮುಖವಿಟ್ಟರು. ಮೂರನೇ ರೀಲು ಬಂತು. ಮುದುಕ ಸೂಜಿ ಎತ್ತಿಕೊಂಡ. ತಲೆಗಳು ಅಲುಗಾಡತೊಡಗಿದವು. ಬೇರೆ ಕೆಲಸವಿಲ್ಲದೆ ಮತ್ತೆ ಬಂದಿದ್ದ ಬೇಕರಿಯವನು ಬಾಯಿ ತೆರೆದ.

"ಸುಮ್ನೆ ನೋಡ್ರೀ ಅದನ್ನ!" ಎಂದು ಆಪರೇಟರ್ ಕಿಂಡಿಯಿಂದ ಗುಡುಗಿದ. ಬೇಕರಿಯವನು ತೆರೆದ ಬಾಯಿಗೆ ಬಿಸ್ಕತ್ತು ಹಾಕಿಕೊಂಡ.

ಮೊದಮೊದಲು ಜನ ಬೈಸಿಕೊಂಡ ಭಯಕ್ಕೆ ಸುಮ್ಮನಿದ್ದರು. ಆಮೇಲೆ ನಿಜವಾಗಿಯೂ ಸುಮ್ಮನಾದರು. ಸೂಜಿ ಬಟ್ಟೆ ತೂರುವ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಕೊನೆಯ ರೀಲಿನಲ್ಲಿ ಸಿಪಾಯಿ ಒಂದೇ ಗುಂಡಿಯ ಕೋಟು ಹೊದ್ದು ಬಾಗಿಲಲ್ಲಿ ನಿಂತಾಗ, ಮೂಗು ಒರೆಸಿಕೊಳ್ಳುವ ಸದ್ದು ಎಲ್ಲಕ್ಕಿಂತ ಜೋರಾಗಿ ಬಂದದ್ದು ಮುಂದಿನ ಸಾಲಿನಿಂದಲೇ.

ದೀಪ ಹತ್ತಿತು. ಮಗಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಹನ್ನೊಂದು ಚಿತ್ರ ಎಲ್ಲಿ?"

ಅವನು ನಾಲಿಗೆ ಕಚ್ಚಿಕೊಂಡ. ಕತ್ತರಿಯಿಂದ ಟೊಮೇಟೊದವರೆಗೆ ಎಲ್ಲವನ್ನೂ ಒಪ್ಪಿಸಿದ. ಬೈಗುಳಕ್ಕೆ ತಲೆ ತಗ್ಗಿಸಿ ಕಾದರೆ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೀನು ಕತ್ತರಿಸ್ತೀಯ ಅಂತ ಗೊತ್ತಿತ್ತು. ವಾಪಸ್ ಅಂಟಿಸ್ತೀಯ ಅಂತ ಗೊತ್ತಿರ್ಲಿಲ್ಲ."

"ನನ್ನದು ಇಂಥ ಆತುರದ ಸ್ವಭಾವ. ನನ್ನ ಕೈ ಯಾಕೆ ಬಿಡಿಸಿದೆ ಮಗಳೇ?"

"ಬೇರೆ ಎಲ್ಲದಕ್ಕೂ ನಿನಗೆ ಆತುರನೇ. ಊಟಕ್ಕೂ ಆತುರ, ಮಾತಿಗೂ ಆತುರ. ರೀಲು ಪೋಣಿಸೋವಾಗ ಮಾತ್ರ ಪ್ರಪಂಚ ಮುಳುಗಿದ್ರೂ ನಿಧಾನ. ಈ ಸ್ಟೂಲ್ ಮೇಲೆ ಕೂತು ಹತ್ತು ವರ್ಷ ಅದನ್ನೇ ನೋಡಿದೀನಿ. ನನಗೆ ಬೇರೆ ಏನು ಬಿಡಿಸೋಕೆ ಬರುತ್ತೆ?"

ಕೆಳಗೆ ಸಂಜೆಯ ಆಟಕ್ಕೆ ಜನ ಸೇರಿದ್ದರು. ಆಪರೇಟರ್ ಮೊದಲ ರೀಲು ಎತ್ತಿಕೊಂಡು, ಹೆಬ್ಬೆರಳು ನೆಕ್ಕಿಕೊಂಡು ಫಿಲ್ಮಿನ ತುದಿ ಹಿಡಿದ. ಮಗಳು ಸ್ಟೂಲಿನಿಂದ ನೋಡುತ್ತಿದ್ದಾಳೆಂದು ಗೊತ್ತಾದದ್ದೇ, ಮೂವತ್ತೊಂದು ವರ್ಷದ ಕೈ ನಾಚಿಕೊಂಡಿತು. ಒಂದು ಸಲ ತಪ್ಪಿತು, ಎರಡನೇ ಸಲವೂ ತಪ್ಪಿತು. ಕೆಳಗಿನಿಂದ ಯಾರೋ ಸಿಳ್ಳೆ ಹಾಕಿದರು.

"ನಿಧಾನವಾಗಿ ಹಾಕಪ್ಪಾ," ಎಂದಳು ಮಗಳು. "ಕಾಯ್ತಾರೆ."