ಉಜ್ಜಿದ ಅಕ್ಷರ

“ಎಡಗಡೆಯವರು ಸ್ವಲ್ಪ ತಗ್ಗಿಸ್ರಪ್ಪ, ಪೆಟ್ಟಿಗೆ ನಮ್ಮ ಮೇಲೆ ವಾಲ್ತಾ ಇದೆ.”

“ನೀವೇ ಒಂಚೂರು ಎತ್ತಿ. ನಾವು ಮೊಣಕಾಲು ಮಡಚ್ಕೊಂಡು ನಡೆಯೋಕಾಗುತ್ತಾ?”

ಶವಪೆಟ್ಟಿಗೆ ಬಾಗಿಲಿನಲ್ಲಿ ಸಿಕ್ಕಿಕೊಂಡಿತ್ತು. ಎಡಕ್ಕೆ ಗಿರಣಿ ಫುಟ್‌ಬಾಲ್ ಕ್ಲಬ್ಬಿನ ಮೂವರು, ಬಲಕ್ಕೆ ರೈಲ್ವೆ ಕ್ಲಬ್ಬಿನ ಮೂವರು ಹೆಗಲು ಕೊಟ್ಟಿದ್ದರು. ಹೀಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಗಿರಣಿಯವರು ಮೂವರೂ ಉದ್ದನೆಯವರು, ರೈಲ್ವೆಯವರು ಗಿಡ್ಡ.

“ಉದ್ದ ಇರೋರು ಮುಂದೆ ಬನ್ನಿ, ಗಿಡ್ಡ ಇರೋರು ಹಿಂದೆ ಹೋಗಿ. ಇದಕ್ಕೂ ಪಂಚಾಯ್ತಿ ಬೇಕಾ?” ಎಂದಳು ಸತ್ತವನ ನಾದಿನಿ.

ಯಾರೂ ಜಾಗ ಬದಲಿಸಲಿಲ್ಲ. ಪೆಟ್ಟಿಗೆ ವಾಲಿಕೊಂಡೇ ಹೊಸ್ತಿಲು ದಾಟಿತು. ಒಳಗೆ ಏನೋ ಮೆಲ್ಲಗೆ ಜರುಗಿದ ಸದ್ದಾಯಿತು. ಗೋಡೆಗೆ ಒರಗಿ ನಿಂತಿದ್ದ ಹೆಂಡತಿಗೆ ಅದು ಕೇಳಿಸಿತು. ಹೇಗೂ ಬಲಮಗ್ಗುಲಿಗೇ ಮಲಗುತ್ತಿದ್ದ ಮನುಷ್ಯ, ಇರಲಿ ಅಂದುಕೊಂಡಳು.

ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಅಳುವುದಕ್ಕೆ ಪುರುಸೊತ್ತು ಇರಲಿಲ್ಲ ಎಂದರೂ ಸರಿಯೇ. ಬೆಳಗಿನಿಂದ ಅವಳ ಕಣ್ಣು ಇಬ್ಬರ ಮೇಲೆಯೇ ಇತ್ತು. ಒಬ್ಬ ಗಿರಣಿ ಕ್ಲಬ್ಬಿನ ಕಾರ್ಯದರ್ಶಿ, ಇನ್ನೊಬ್ಬ ರೈಲ್ವೆ ಕ್ಲಬ್ಬಿನ ಕೋಚ್. ಆ ಇಬ್ಬರನ್ನೂ ಒಟ್ಟಿಗೆ ಹಿಡಿದು ಒಂದು ಮಾತು ಕೇಳಬೇಕಿತ್ತು, ಅದೂ ಇವತ್ತೇ. ಆದರೆ ಒಬ್ಬ ಒಳಗೆ ಬಂದರೆ ಇನ್ನೊಬ್ಬ ಹೊರಗೆ ಹೋಗುತ್ತಿದ್ದ. ಒಬ್ಬ ಹೂವಿಟ್ಟು ಕೈಮುಗಿಯುವ ತನಕ ಇನ್ನೊಬ್ಬ ಬೀದಿಯ ಆಚೆ ನಿಂತು ಫೋನು ನೋಡುತ್ತಿದ್ದ.

* * *

“ನಾನು ಹೋದ ದಿನವೇ ಕೇಳು,” ಎಂದಿದ್ದ ಅವಳ ಗಂಡ ಗಾಳಿ ಮಾಮ, ಆಸ್ಪತ್ರೆಯಲ್ಲಿ.

ಗಿರಣಿಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದು, ಸಂಜೆ ಹೊತ್ತು ಕ್ಲಬ್ಬಿನ ಶೆಡ್ಡಿನಲ್ಲಿ ಕೂತು ಚೆಂಡುಗಳಿಗೆ ಗಾಳಿ ತುಂಬುತ್ತಿದ್ದವನಿಗೆ ಮಕ್ಕಳು ಇಟ್ಟ ಹೆಸರು ಅದು. ಅವನು ಒಂದು ದಿನವೂ ಪಂದ್ಯ ಆಡಿದವನಲ್ಲ. ಈಗ ಅವನ ಮೂಗಿಗೇ ನಳಿಕೆ ಸಿಕ್ಕಿಸಿ ಗಾಳಿ ಕೊಡುತ್ತಿದ್ದರು. “ಎಷ್ಟು ಹಾಕಿದ್ರೂ ನಿಲ್ಲಲ್ಲ ಸಿಸ್ಟರ್, ಈ ಚೆಂಡಿನ ಬ್ಲ್ಯಾಡರೇ ಹೋಗಿದೆ,” ಎಂದು ನರ್ಸನ್ನು ನಗಿಸಿದ್ದ.

“ಏನಂತ ಕೇಳಲಿ?”

“ಮಂಗಳವಾರ, ಶುಕ್ರವಾರ ನಿಲ್ಲಿಸಬೇಡಿ ಅಂತ. ಇಬ್ಬರನ್ನೂ ಎದುರಿಗೆ ನಿಲ್ಲಿಸ್ಕೊಂಡು ಕೇಳು. ಹೆಣದ ಮುಂದೆ ಯಾರೂ ಇಲ್ಲ ಅನ್ನಲ್ಲ. ಮಾರನೇ ದಿನಕ್ಕೆ ಬಿಟ್ಟೆಯೋ, ಮೀಟಿಂಗ್ ಕರೀತಾರೆ.”

ಎರಡು ಕ್ಲಬ್ಬಿಗೂ ಎಣ್ಣೆ ಸೀಗೇಕಾಯಿ. ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಪಂದ್ಯದಲ್ಲಿ ರೈಲ್ವೆಯ ಗೋಲ್‌ಕೀಪರನ ಕಾಲು ಮುರಿದಿತ್ತು. ಆ ಗೋಲ್‌ಕೀಪರನೇ ಈಗಿನ ಕೋಚ್; ಕುಂಟುತ್ತ ನಡೆದರೂ ಊರಿಗೆಲ್ಲ ಅವನು ‘ಗೋಲಿ’. ಒದ್ದವನು ಈಗಿನ ಗಿರಣಿ ಕಾರ್ಯದರ್ಶಿ. ಇವರ ಹಟದ ನಡುವೆ ಮಕ್ಕಳು ಒಬ್ಬೊಬ್ಬರಾಗಿ ಆಟ ಬಿಟ್ಟರು. ಕೊನೆಗೆ ಗಿರಣಿಯಲ್ಲಿ ಒಂಬತ್ತು, ರೈಲ್ವೆಯಲ್ಲಿ ಏಳು ಮಂದಿ ಉಳಿದರು. ಹನ್ನೊಂದು ಜನರ ತಂಡ ಎರಡು ಕಡೆಯೂ ಆಗುತ್ತಿರಲಿಲ್ಲ.

ಗಾಳಿ ಮಾಮ ಗೋಲಿಯ ಮನೆಯ ಮೆಟ್ಟಿಲ ಮೇಲೆ ನಾಲ್ಕು ಸಂಜೆ ಹೋಗಿ ಕೂತ. “ನಿಮ್ಮ ಏಳು, ನಮ್ಮ ಒಂಬತ್ತು ಸೇರಿದ್ರೆ ಎಂಟೆಂಟು ಆಗುತ್ತೆ. ವಾರಕ್ಕೆ ಎರಡು ದಿನ ಒಟ್ಟಿಗೆ ಕಲೀಲಿ. ದೊಡ್ಡೋರು ಬೇಕಾದ್ರೆ ಉಳಿದ ಐದು ದಿನ ಹೊಡೆದಾಡ್ಕೊಳ್ಳಿ.” ಐದನೆಯ ಸಂಜೆ ಗೋಲಿಯ ಹೆಂಡತಿ, “ಈ ಮನುಷ್ಯನಿಗೆ ಹೂಂ ಅಂದು ಕಳಿಸ್ರಿ, ನಾನು ಮೆಟ್ಟಿಲು ತೊಳೀಬೇಕು,” ಎಂದಳಂತೆ.

ಹಾಗೆ ಶುರುವಾದದ್ದು ಎರಡು ವರ್ಷ ನಡೆದಿತ್ತು. ಕಾಗದಪತ್ರ ಏನೂ ಇರಲಿಲ್ಲ. ನಡೆದದ್ದೆಲ್ಲ ಗಾಳಿ ಮಾಮನ ಮುಖ ನೋಡಿ.

* * *

ಮಣ್ಣು ಹಾಕಿದ ಕೈ ತೊಳೆಯಲು ಸ್ಮಶಾನದಲ್ಲಿ ಇದ್ದದ್ದು ಒಂದೇ ನಲ್ಲಿ. ಕಾರ್ಯದರ್ಶಿ ಕೈ ಒಡ್ಡಿದ್ದ, ಅವನ ಹಿಂದೆ ಗೋಲಿ ಕಾಯುತ್ತಿದ್ದ. ಅವಳು ತಂಗಿಯ ಕೈ ಬಿಡಿಸಿಕೊಂಡು ಬಿರಬಿರನೆ ನಡೆದು ಇಬ್ಬರ ಎದುರು ನಿಂತಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ವಾಕ್ಯ ಮರೆತುಹೋಯಿತು.

“ಮಂಗಳವಾರ ಬರ್ತೀರಲ್ಲ?” ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಅಯ್ಯೋ ಅಕ್ಕ, ಅದನ್ನೂ ಕೇಳಬೇಕಾ? ಮಾಮ ಕಟ್ಟಿದ್ದನ್ನ ಮುರಿಯೋ ಅಂಥ ಪಾಪಿಗಳಾ ನಾವು?” ಎಂದ ಕಾರ್ಯದರ್ಶಿ.

“ಅವರ ಹೆಸರಲ್ಲೇ ಮಾಡಿದ್ರಾಯ್ತು,” ಎಂದ ಗೋಲಿ. “ಆದ್ರೆ ಈ ಮಂಗಳವಾರ ಬೇಡ ಬಿಡಿ. ಮಕ್ಕಳ ಮನಸ್ಸು ಸರಿ ಇರಲ್ಲ.”

“ಹಾಗಾದ್ರೆ ಶುಕ್ರವಾರ?”

“ಶುಕ್ರವಾರ...” ಕಾರ್ಯದರ್ಶಿ ನಲ್ಲಿ ತಿರುಗಿಸಿ ನಿಲ್ಲಿಸಿದ. “ನೋಡೋಣ.”

“ನೋಡೋಣ,” ಎಂದ ಗೋಲಿಯೂ. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೇ ಮೊದಲಿರಬೇಕು. ಸಾಲ ಕೇಳಿದವರಿಗೆ, ಹೆಣ್ಣು ಕೇಳಿ ಬಂದವರಿಗೆ, ಕೆಲಸ ಕೇಳಿದವರಿಗೆ ಜನ ಹೇಳುವ ಮಾತು ಅದು ಎಂದು ಅವಳಿಗೆ ಗೊತ್ತಿತ್ತು.

“ಅಂದಹಾಗೆ ಅಕ್ಕ, ಆ ಶೆಡ್ಡಿನ ಬೀಗದಕೈ ನಿಮ್ಮ ಹತ್ರಾನೇ ಇರಬೇಕಲ್ಲ?” ಕಾರ್ಯದರ್ಶಿ ಕರ್ಚೀಫಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. “ಸಾಮಾನು ಏನೇನಿದೆ ಅಂತ ಇವತ್ತೇ ನೋಡ್ಕೊಂಡು ಬಿಡ್ತೀವಿ. ಮತ್ತೆ ಮತ್ತೆ ನಿಮಗೆ ತೊಂದ್ರೆ ಬೇಡ.”

ಹೆಣದ ಮುಂದೆ ಇಲ್ಲ ಅನ್ನಲಾಗದವಳು ತಾನೂ ಹೌದು ಎಂಬುದು ಅವಳಿಗೆ ಆಗ ಹೊಳೆಯಿತು. ಬೀಗದಕೈ ಬೆಳಗಿನಿಂದಲೂ ಅವಳ ಮುಷ್ಟಿಯಲ್ಲೇ ಇತ್ತು.

ಗೇಟಿನ ಹತ್ತಿರ ಮಕ್ಕಳು ಗುಂಪಾಗಿ ನಿಂತಿದ್ದರು. “ಗಿರಣಿಯವರು ಈ ವ್ಯಾನು, ರೈಲ್ವೆಯವರು ಆ ವ್ಯಾನು,” ಎಂದು ಯಾರೋ ಕೂಗಿದರು. ಗುಂಪು ಒಡೆಯಿತು.

* * *

ಒಟ್ಟಿಗೆ ಆಡತೊಡಗಿದ ಮೊದಲ ತಿಂಗಳು ಗಾಳಿ ಮಾಮ ಮನೆಗೆ ಬಂದು ಸರಿಯಾಗಿ ಉಣ್ಣುತ್ತಿರಲಿಲ್ಲ.

“ಚೆಂಡು ಚರಂಡಿಗೆ ಬಿದ್ರೆ ಒಬ್ಬರೂ ಇಳಿಯಲ್ಲ ಕಣೇ,” ಎಂದ ಒಂದು ದಿನ. ಆಚೆ ಕಡೆಯ ಗೋಲಿನ ಹಿಂದೆಯೇ ಗಿರಣಿಯ ಬಣ್ಣದ ನೀರು ಹರಿಯುವ ಚರಂಡಿ. “ಮೊದಲು ಬಗ್ಗಿ ಚೆಂಡಿನ ಮೇಲಿನ ಅಕ್ಷರ ನೋಡ್ತಾರೆ. ‘ಗಿ’ ಅಂತಿದ್ರೆ ರೈಲ್ವೆ ಮಕ್ಕಳು ಸೊಂಟಕ್ಕೆ ಕೈ ಕೊಟ್ಟು ನಿಲ್ತವೆ. ‘ರೈ’ ಅಂತಿದ್ರೆ ನಮ್ಮವು. ನಮ್ದಲ್ಲ, ನಮ್ದಲ್ಲ. ಇದನ್ನೇ ಕಲಿಸಿದ್ದೀವಿ ನಾವು.”

ಮಾರನೆಯ ದಿನ ಎರಡೂ ಕ್ಲಬ್ಬಿನ ಚೀಲದ ಚೆಂಡುಗಳನ್ನೂ ಮನೆಗೆ ಹೊತ್ತು ತಂದ. ಇಪ್ಪತ್ತು ಚೆಂಡು, ಎರಡು ಉಪ್ಪುಕಾಗದ, ಒಂದು ಡಬ್ಬಿ ಬೂಟು ಪಾಲಿಶ್. ಅಡುಗೆಮನೆಯ ನೆಲದ ಮೇಲೆ ಗಂಡಹೆಂಡಿರು ಕಾಲು ಚಾಚಿ ಕೂತು ಹತ್ತು ಹತ್ತು ಹಂಚಿಕೊಂಡರು. ಅವನು ಅಡ್ಡಡ್ಡಲಾಗಿ, ದಾರ ಕಾಣುವ ತನಕ ಅಕ್ಷರ ಉಜ್ಜಿದ. ಅವಳಿಗೆ ತೊಗಲು ಹರಿದೀತೆಂಬ ಭಯ. ಸಣ್ಣಗೆ, ಸುತ್ತು ಸುತ್ತಾಗಿ, ಮಗುವಿನ ಬೆನ್ನು ಉಜ್ಜಿದ ಹಾಗೆ ಉಜ್ಜಿದಳು.

“ಇನ್ನೂ ಗಟ್ಟಿಯಾಗಿ ಉಜ್ಜು. ಮುದ್ದು ಮಾಡಬೇಡ ಅದನ್ನ.”

“ತೂತಾದ್ರೆ ನೀವೇ ಬೈತೀರಿ. ಪಾಲಿಶ್ ಹಚ್ಚಿದ ಮೇಲೆ ಯಾರಿಗೆ ಕಾಣುತ್ತೆ?”

ಆ ಶುಕ್ರವಾರ ಚೆಂಡು ಚರಂಡಿಗೆ ಹಾರಿತು. ಮಕ್ಕಳು ಬಗ್ಗಿ ನೋಡಿದರು. ಬರೀ ಕರಿ ಮಚ್ಚೆ. ಒಂದು ಗಳಿಗೆ ಎಲ್ಲರೂ ಪೆಚ್ಚಾಗಿ ನಿಂತರು. ಆಮೇಲೆ ರೈಲ್ವೆಯ ಹುಡುಗಿ, ಎಡಗಾಲಲ್ಲೇ ಒದೆಯುವ ‘ಎಡಗಾಲಿ’, “ಥೂ ನಿಮ್ಮ,” ಎಂದು ಲಂಗ ಎತ್ತಿಕಟ್ಟಿದ ಹಾಗೆ ಚಡ್ಡಿಯ ಅಂಚು ಮಡಚಿ, ಮೊಣಕಾಲುದ್ದದ ನೀರಿಗೆ ಇಳಿದುಬಿಟ್ಟಳು. ಗಾಳಿ ಮಾಮ ಅದನ್ನು ಹೆಂಡತಿಗೆ ಮೂರು ಸಲ ಹೇಳಿದ.

* * *

ಶೆಡ್ಡು ಅವಳ ಮನೆಯಿಂದ ಮೈದಾನದ ಆಚೆ ತುದಿಗೆ, ಚರಂಡಿಯ ಬದಿಗೇ ಇತ್ತು. ಸಂಜೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ತಂಗಿ ಬೇಡವೆಂದರೂ ಅವಳು ಆ ಇಬ್ಬರ ಹಿಂದೆಯೇ ಹೋದಳು.

“ಏನು ನೋಡ್ಬೇಕು ಅಂತ ಹೋಗ್ತೀಯ? ಅವರೇನು ಶೆಡ್ಡು ಹೊತ್ಕೊಂಡು ಹೋಗಲ್ಲ.”

“ಬರೀ ನೋಡ್ತೀನಿ.”

ಬಾಗಿಲು ಅಗಲವಾಗಿ ತೆರೆದಿತ್ತು. ಗಾಳಿ ಮಾಮನ ಮುಕ್ಕಾಲಿಯ ಮೇಲೆ ಗೋಲಿ ಮುರಿದ ಕಾಲು ಚಾಚಿ ಕೂತಿದ್ದ. ಕಾರ್ಯದರ್ಶಿ ಕುಕ್ಕರುಗಾಲಿನಲ್ಲಿದ್ದ. ಇಬ್ಬರ ನಡುವೆ ಚೀಲ. ಗೋಲಿ ಒಂದು ಚೆಂಡು ತೆಗೆದು, ಹೆಬ್ಬೆರಳಿಗೆ ಉಗುಳು ಹಚ್ಚಿ ಪಾಲಿಶ್ ಒರೆಸಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದ.

“ಇಲ್ನೋಡಿ, ಐತ್ವದ ಬಾಲ. ನಮ್ದು.”

“ಬಾಲ ಅಲ್ಲ ಅದು, ಗೀರು.”

“ಬೆರಳಿಟ್ಟು ನೋಡ್ರಿ.”

ಕಾರ್ಯದರ್ಶಿ ಬೆರಳಿಟ್ಟು ನೋಡಿದ. “ಸರಿ. ಈ ಕಡೆಯದು ನಮ್ದು, ಗುಡಿಸು ಕಾಣ್ತಾ ಇದೆ.”

ಎಷ್ಟು ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುತ್ತಿದ್ದಾರೆ ಎನ್ನಿಸಿತು ಅವಳಿಗೆ. ಆ ಕಡೆ ರೈಲ್ವೆಯ ಚೆಂಡು, ಈ ಕಡೆ ಗಿರಣಿಯ ಚೆಂಡು. ಹೊಸಿಲಿನ ಹತ್ತಿರ ಮೂರನೆಯ ಗುಂಪೊಂದಿತ್ತು. ಅದರ ಮೇಲೆ ಏನೂ ಓದಲಾಗುತ್ತಿರಲಿಲ್ಲ.

ಅವಳು ಮೂರನೆಯ ಗುಂಪನ್ನು ನೋಡಿದಳು. ಅಡ್ಡಡ್ಡ ಗೆರೆ, ದಾರ ಎದ್ದ ತೊಗಲು. ಆಮೇಲೆ ಗೋಲಿಯ ಕೈಯಲ್ಲಿದ್ದದ್ದನ್ನು ನೋಡಿದಳು. ಸಣ್ಣ ಸಣ್ಣ ಸುತ್ತು. ಅವನ ಕಾಲ ಬಳಿ ಇದ್ದವುಗಳ ಮೇಲೂ ಸುತ್ತು. ಕಾರ್ಯದರ್ಶಿಯ ಮಗ್ಗುಲಲ್ಲಿದ್ದವುಗಳ ಮೇಲೂ ಅದೇ. ಅವಳು ಉಜ್ಜಿದ ಹತ್ತೂ ಚೆಂಡು ತಾವು ಯಾರವೆಂದು ಬಾಯಿ ಬಿಟ್ಟಿದ್ದವು.

“ಕೂತ್ಕೊಳ್ಳಿ ಅಕ್ಕ,” ಎಂದ ಕಾರ್ಯದರ್ಶಿ, ಎದ್ದು ಜಾಗ ಮಾಡಿಕೊಡುತ್ತ. “ಇದೇನಿಲ್ಲ, ಒಂದು ಲೆಕ್ಕಕ್ಕೆ ಇರಲಿ ಅಂತ ಅಷ್ಟೇ. ಈ ಹತ್ತನ್ನ ಏನು ಮಾಡೋದು ಗೋಲಿ?”

“ಐದೈದು?”

“ನಮ್ಮವೇ ಜಾಸ್ತಿ ಇದ್ವು. ಕಮಿಟಿ ಮುಂದೆ ಇಡೋಣ.”

ಎದ್ದವನ ಹಿಮ್ಮಡಿ ತಾಗಿ ಮೂರನೆಯ ಗುಂಪಿನ ಒಂದು ಚೆಂಡು ಹೊಸಿಲು ದಾಟಿತು. ಇಳಿಜಾರಿನಲ್ಲಿ ಅವಸರವಿಲ್ಲದೆ ಉರುಳಿ, ಗೋಲ್ ಕಂಬದ ಬುಡ ಸವರಿ, ಚರಂಡಿಗೆ ಬಿತ್ತು.

ಇಬ್ಬರೂ ಬಾಗಿಲಿಗೆ ಬಂದು ನಿಂತರು.

“ಯಾರದ್ದು ಅದು?” ಎಂದ ಕಾರ್ಯದರ್ಶಿ.

“ಗೊತ್ತಾಗಿಲ್ವಲ್ಲ,” ಎಂದ ಗೋಲಿ. “ನಿಮ್ದೂ ಇರಬಹುದು.”

ಅವರು ಒಳಗೆ ಹೋಗಿ ತಮ್ಮ ತಮ್ಮ ಚೀಲದ ಬಾಯಿ ಕಟ್ಟತೊಡಗಿದರು. ಅವಳು ಚರಂಡಿಯ ಅಂಚಿಗೆ ಹೋಗಿ ನಿಂತಳು. ನೀಲಿಗಪ್ಪು ನೀರಿನಲ್ಲಿ ಚೆಂಡು ಎರಡು ಸುತ್ತು ತಿರುಗಿತು. ಪಾಲಿಶ್ ಕರಗಿ ಬಣ್ಣದ ಪೊರೆಯಾಗಿ ಸುತ್ತ ಹರಡಿತು. ಆಮೇಲೆ ಚೆಂಡು ಬಲಕ್ಕೆ ಮಗ್ಗುಲಾಗಿ, ಉಜ್ಜಿ ದಾರ ಎದ್ದ ಮೈಯನ್ನು ಮೇಲೆ ಮಾಡಿಕೊಂಡು ನಿಂತಿತು.