ತಲೆಯ ಮೇಲಿನ ಕೈ

ಪಿಯಾನೋದ ಕರಿ ಮುಚ್ಚಳದಲ್ಲಿ ನಮ್ಮ ಬ್ಯಾಂಡಿನ ಮೇಷ್ಟ್ರ ಬೋಳುತಲೆ ತಲೆಕೆಳಗಾಗಿ ಹೊಳೆಯುತ್ತಿದೆ, ಒರೆಸಿಕೊಳ್ಳಬಾರದೇ, ಮಧ್ಯಾಹ್ನ ಮೂರು ಗಂಟೆ, ರೇಡಿಯೋ ಸ್ಟುಡಿಯೋದ ಗೋಡೆಗೆಲ್ಲ ಕಂದು ಸ್ಪಂಜು, ಉಸಿರು ಬಿಟ್ಟರೂ ನುಂಗುವ ಗೋಡೆ, ಅವನಾಗಲೇ ಸಂದರ್ಶನದ ಹುಡುಗಿಯ ಮೈಕಿಗೆ ಬಾಯಿ ಕೊಟ್ಟಾಗಿದೆ — ಬಂತು, ಆ ಕಥೆ ಬಂತು — ನಮ್ಮ ಜಾಝ್‌ನೋರಲ್ಲಿ ಒಂದು ಸನ್ನೆ ಇದೆ ಕಣಮ್ಮ, ಯಾರಾದ್ರೂ ಮನಸ್ಸಿಗೆ ಬಂದಂಗೆ ಹಾಡ್ಕೊಂಡು ದೂರ ಹೋದ್ರೆ ನಾನು ನೆತ್ತಿ ಮೇಲೆ ಕೈ ಇಡ್ತೀನಿ, ಸಾಕು, ಹಾಡಿನ ಮೊದಲಿಗೆ ವಾಪಸ್ ಬನ್ನಿ ಅಂತ, ಇವಳು ನಮ್ಮಲ್ಲಿ ಹಾಡಿದ ಮೊದಲ್ನೇ ಕಾರ್ಯಕ್ರಮ, ಇವಳಿಗೇನು ಗೊತ್ತು, ಕೂದಲು ಬಿಚ್ಚೋಗಿದೆ ಅಂದ್ಕೊಂಡು ಜಡೆ ತಡವ್ತಾ ತಡವ್ತಾ ಹಾಡ್ತಾನೇ ಇದ್ಲು! ಹುಡುಗಿ ನಗುತ್ತಾಳೆ, ನಾನೂ ನಗುತ್ತೇನೆ, ಇಪ್ಪತ್ತೆರಡು ವರ್ಷದಿಂದ ಇದೇ ಜಾಗದಲ್ಲಿ ನಕ್ಕು ನಕ್ಕು ದವಡೆಗೆ ರೂಢಿಯಾಗಿದೆ, ಅವತ್ತು ನನಗೆ ಹಾಡಿನ ಸಾಲೇ ಮರೆತುಹೋಗಿತ್ತು ಎನ್ನುವುದನ್ನು ಅವನು ಹೇಳುವುದಿಲ್ಲ, ಹೇಳಿದರೆ ಬಾಯಿಗೆ ಬಂದದ್ದು ಯಾರದು ಎಂದೂ ಹೇಳಬೇಕಾಗುತ್ತದಲ್ಲ, ಅದು ಅಜ್ಜಿಯದು, ಹೊಲಿಗೆ ಯಂತ್ರದ ಮುಂದೆ ಕೂತ ಅಜ್ಜಿ, ಕಾಲು ಟಕಟಕ ತುಳಿಯುತ್ತಿತ್ತು, ಕಥೆ ಕಾಲಿಗಿಂತ ಕೂದಲೆಳೆಯಷ್ಟು ಹಿಂದೆ ಬರುತ್ತಿತ್ತು, ಆ ಕೂದಲೆಳೆಗೇ ಜಾಝ್‌ನಲ್ಲಿ ಸ್ವಿಂಗ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು — ಯಾರ ತಲೆ ಮುಟ್ಟಿದರೂ ಅವರು ಬೂದಿ, ಅಂಥ ವರ ಪಡೆದ ರಾಕ್ಷಸ, ಅವನ ಎದುರಿಗೆ ಕುಣಿಯುವ ಹೆಣ್ಣು, ಅವಳು ಸೊಂಟಕ್ಕೆ ಕೈಯಿಟ್ಟರೆ ಅವನೂ ಸೊಂಟಕ್ಕೆ, ಅವಳು ಭುಜಕ್ಕೆ ಇಟ್ಟರೆ ಅವನೂ, ಕುಣಿತ ಬಂದಾಗ ಅಜ್ಜಿಗೆ ಮಾತು ಸಾಲದು, ತದಿರಿ ದುಂ ದುಂ, ಲರಿಲೇ ತಾ, ನೂಲು ಕಡಿಯುತ್ತಲೇ ಹಾಡುತ್ತಿದ್ದಳು. ಅವತ್ತು ಪರದೆಯ ಹಿಂದೆ ಮೇಷ್ಟ್ರು, ಏನೇ ಅದು ಬೊಗಳಿದ್ದು? ಆಚೆ ಚಪ್ಪಾಳೆ ನಿಲ್ಲಲಿಲ್ಲ, ಮಾರನೆಯ ದಿನ ವರಸೆಯೇ ಬೇರೆ, ಅದನ್ನ ಇಟ್ಕೊ, ಅರ್ಧ ನಿಮಿಷ, ಒಂದು ಉಸಿರೂ ಹೆಚ್ಚಿಗೆ ಬೇಡ. ಹೋಟೆಲುಗಳು, ಹಡಗುಗಳು, ಐದು ರೆಕಾರ್ಡು, ಪ್ರತಿ ಸಲವೂ ಅರ್ಧ ನಿಮಿಷಕ್ಕೆ ಆ ಕೈ ನೆತ್ತಿಗೇರುತ್ತದೆ, ನಾನು ನಾಯಿಮರಿಯ ಹಾಗೆ ವಾಪಸ್. ಹಾಸಿಗೆ ಹಿಡಿದ ಅಜ್ಜಿಗೆ ರೆಕಾರ್ಡು ಕೇಳಿಸಿದೆ, ಕೊನೆಯವರೆಗೂ ಕೇಳಿ, ಇದೇನೇ ಪುಟ್ಟಿ, ರಾಕ್ಷಸನ್ನ ಕುಣಿಸ್ತಾ ಕುಣಿಸ್ತಾ ಅರ್ಧಕ್ಕೇ ಬಿಟ್ಟು ಬಂದ್ಯಲ್ಲ, ಅವನ ಕೈ ಅವನ ತಲೆ ಮೇಲೆ ಬೀಳೋವರ್ಗೂ ಹಾಡ್ಬೇಕು ಕಣೇ. ಬೀಳುತ್ತದೆ ಅಜ್ಜಿ, ಪ್ರತಿ ಸಲವೂ ಬೀಳುತ್ತದೆ, ಬೂದಿಯಾಗುವವಳು ನಾನು.

ಹೊಸ ರೆಕಾರ್ಡಿನ ಹೊದಿಕೆ ಪಿಯಾನೋದ ಮೇಲೇ ಬಿದ್ದಿದೆ, ಮಾತಿಲ್ಲದ ಭಾಗದ ರಚನೆ ಎಂದು ಅವನ ಹೆಸರು, ದಪ್ಪಕ್ಷರ, ಬೆಳಿಗ್ಗೆ ಕೇಳಿದೆನಲ್ಲ, ಮೇಷ್ಟ್ರೇ ಇದು ನಮ್ಮಜ್ಜೀದು ಅಂತ, ನಿಮ್ಮಜ್ಜಿ ಪಿಯಾನೋ ನೋಡಿದ್ರೇನಮ್ಮ ಅಂದ, ಅಂದು ಬಿಸ್ಕತ್ತು ಅದ್ದಿಕೊಂಡ, ನಿನ್ನ ಚಹಾದಲ್ಲಿ ಸಾವಿರ ಬಿಸ್ಕತ್ತು ಮುಳುಗಿಹೋಗಲಿ. ಕತ್ತರಿಸಲು ಇದು ರೆಕಾರ್ಡಲ್ಲ, ನೇರ ಪ್ರಸಾರ, ಒಳಗೆ ಬರುವ ಮುಂಚೆ ಕಾರಿಡಾರಿನಲ್ಲಿ ಡ್ರಮ್ಮಿನಣ್ಣ ಕಿವಿಯ ಹತ್ತಿರ ಬಂದು, ಇವತ್ತು ನಂಗೆ ಕತ್ತು ಉಳುಕಿದೆ ಕಣಮ್ಮ, ಪಿಯಾನೋ ಕಡೆ ತಿರುಗಕ್ಕೇ ಆಗಲ್ಲ, ನಿನ್ನನ್ನೇ ನೋಡ್ತಿರ್ತೀನಿ — ಕೆಂಪು ದೀಪ, ಶುರು, ಮಾತಿನ ಸಾಲುಗಳು ತಾವಾಗಿಯೇ ಹೋಗುತ್ತವೆ, ಒಂದು, ಎರಡು, ಈಗ, ತದಿರಿ ದುಂ, ಅಜ್ಜಿಯ ಕಾಲು ನನ್ನ ಕಾಲಿನೊಳಗೆ, ಸೊಂಟ, ಭುಜ, ಅರ್ಧ ನಿಮಿಷ, ಅಗೋ ಎತ್ತಿದ, ನೆತ್ತಿಯ ಮೇಲೆ ಕೈ, ನೋಡಿದೆ, ನೋಡಿಯೂ ಲರಿಲೇ ತಾ, ನನ್ನ ಗಂಟಲು ಹಿಂತಿರುಗಲಿಲ್ಲ, ಡ್ರಮ್ಮೂ ಹಿಂತಿರುಗಲಿಲ್ಲ, ಅವನು ಮತ್ತೆ ತಟ್ಟಿಕೊಳ್ಳುತ್ತಾನೆ, ಪಟಪಟ, ಕಣ್ಣು ಕೆಂಪು, ಬಾಯಲ್ಲಿ ಸದ್ದಿಲ್ಲದ ವಾಪಸ್ ವಾಪಸ್, ಪಿಯಾನೋ ಒಂಟಿಗೈಯಲ್ಲಿ ಎಡವುತ್ತಿದೆ, ಗಾಜಿನಾಚೆ ಹೋಗಿ ಕೂತ ಹುಡುಗಿ ನಗುತ್ತಿಲ್ಲ, ದುಂ ದುಂ, ಇನ್ನೂ ಹಾಡುತ್ತೇನೆ ಅಜ್ಜಿ, ಕೆಳಗಿಳಿಸಬೇಡ ಮೇಷ್ಟ್ರೇ, ಇಟ್ಟುಕೋ, ಅಲ್ಲೇ ಇಟ್ಟುಕೋ, ಕೈ, ಮುಚ್ಚಳದ ಕಪ್ಪಿನಲ್ಲಿ ತಲೆಕೆಳಗಾದ ಆ ಬೋಳುತಲೆ, ಅದರ ಮೇಲೆ ಕೈ, ಅವನದೇ ಕೈ —